ಕರೆಂಟ್ ಹೋಗುವ ಊರಲ್ಲಿ 'ಟಾರ್ಮೆಂಟೆಡ್ ಸೋಲ್ಸ್' ಆಡುವುದು ಹೇಗೆ

ಆಷಾಢದ ಒಂದು ಸಂಜೆ. ತೀರ್ಥಹಳ್ಳಿಯಿಂದ ಸ್ವಲ್ಪ ಆಚೆ ನಮ್ಮ ಹಂಚಿನ ಮನೆ, ಹೊರಗೆ ಜಡಿಮಳೆ. ನಾನು ಎರಡು ಗಂಟೆಯಿಂದ ಕುರ್ಚಿ ಬಿಟ್ಟು ಎದ್ದಿರಲಿಲ್ಲ. 'ಟಾರ್ಮೆಂಟೆಡ್ ಸೋಲ್ಸ್' ಎಂಬ ಹಾರರ್ ಗೇಮಿನಲ್ಲಿ ಆಡಿದಷ್ಟನ್ನು ಸೇವ್ ಮಾಡಿಡಲು ಪ್ರತಿ ಸಲ ಒಂದು ಟೇಪ್ ಖರ್ಚಾಗುತ್ತದೆ, ನನ್ನ ಹತ್ತಿರ ಎರಡು ಇದ್ದವು. ಸೇವ್ ರೂಮಿನ ಬಾಗಿಲ ಮುಂದೆಯೇ ಎರಡು ಸಲ ಓಡಾಡಿದ್ದೆ. "ಈಗ್ಲೇ ಯಾಕೆ ಟೇಪ್ ದಂಡ ಮಾಡೋದು, ಇನ್ನೊಂದು ಬೀಗ ತೆಗೆದು ಬಂದು ಸೇವ್ ಮಾಡಿದರಾಯ್ತು" ಅಂತ ಜಿಪುಣತನ ಮಾಡಿದೆ. ಸ್ಟೆಬಿಲೈಸರ್ ಟಕ್ ಅಂತು. ಅಷ್ಟೇ. ಪರದೆ ಕಪ್ಪು, ಮನೆ ಕಪ್ಪು, ಅಂಗಳ ಕಪ್ಪು. ಮೇಲಿನ ತಿರುವಿನಲ್ಲಿ ಲೈನ್ ಮೇಲೆ ಮರ ಬಿದ್ದಿತ್ತು. ಕರೆಂಟ್ ಬಂದಿದ್ದು ಮೂರನೇ ದಿನ ಮಧ್ಯಾಹ್ನ.

ಆ ಎರಡು ಗಂಟೆಯ ಆಟವನ್ನು ಪೂರ್ತಿ ಮತ್ತೆ ಆಡಿದೆ. ವಿಚಿತ್ರ ಏನಂದರೆ, ಎರಡನೇ ಸಲ ಅದು ನಲವತ್ತು ನಿಮಿಷಕ್ಕೆ ಮುಗಿಯಿತು. ದಾರಿ ಗೊತ್ತಿತ್ತು, ಯಾವ ಮೂಲೆಯಲ್ಲಿ ಏನಿದೆ ಅಂತ ಗೊತ್ತಿತ್ತು, ಬೀಗದ ನಂಬರ್ ಬಾಯಿಪಾಠ ಆಗಿತ್ತು. ಹಳೇ ಶೈಲಿಯ ಹಾರರ್ ಗೇಮಿನಲ್ಲಿ ಅರ್ಧ ಸೇವ್ ಮೆಷಿನ್ನಿನಲ್ಲಿರುತ್ತದೆ, ಉಳಿದರ್ಧ ನಮ್ಮ ತಲೆಯಲ್ಲಿ. ಅದು ಮೊದಲೇ ಹೊಳೆದಿದ್ದರೆ ನಾನು ಇಷ್ಟು ಬೈದುಕೊಂಡು ಆಡುತ್ತಿರಲಿಲ್ಲ. ಹಾಗಾಗಿ ಹೊಸದಾಗಿ ಶುರು ಮಾಡುವವರಿಗೆ, ಅದರಲ್ಲೂ ನಮ್ಮ ಕಡೆಯ ಮಳೆಗಾಲದಲ್ಲಿ ಶುರು ಮಾಡುವವರಿಗೆ, ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲು ಗೇಮ್ ಯಾವುದು ಅಂತ. 'ಟಾರ್ಮೆಂಟೆಡ್ ಸೋಲ್ಸ್' ಬಂದಿದ್ದು 2021ರ ಆಗಸ್ಟ್‌ನಲ್ಲಿ. ಮಾಡಿದ್ದು ಚಿಲಿ ದೇಶದ ಡ್ಯುಯಲ್ ಎಫೆಕ್ಟ್ ಎಂಬ ಸಣ್ಣ ತಂಡ. ಕ್ಯಾರೊಲೈನ್ ವಾಕರ್ ಎಂಬ ಹುಡುಗಿಗೆ ಒಂದು ಪತ್ರ ಬರುತ್ತದೆ, ಒಳಗೆ ಅವಳಿ ಹುಡುಗಿಯರ ಫೋಟೊ. ಅದರ ಬೆನ್ನು ಹತ್ತಿ ಅವಳು ವಿಂಟರ್‌ಲೇಕ್ ಎಂಬ ಊರಿಗೆ ಹೋಗುತ್ತಾಳೆ. ಅಲ್ಲೊಂದು ಬಂಗಲೆ, ಅದನ್ನೇ ಆಸ್ಪತ್ರೆ ಮಾಡಿದ್ದಾರೆ. ಕಣ್ಣು ಬಿಟ್ಟಾಗ ಸ್ನಾನದ ತೊಟ್ಟಿಯಲ್ಲಿ ಬಿದ್ದಿರುತ್ತಾಳೆ, ಬಾಯಲ್ಲಿ ಪೈಪು, ಒಂದು ಕಣ್ಣೇ ಇಲ್ಲ. ಈ ಮೊದಲ ದೃಶ್ಯದಲ್ಲಿ ಅವಳ ಮೈಮೇಲೆ ಬಟ್ಟೆಯೂ ಇರುವುದಿಲ್ಲ. ಹಾಲ್‌ನ ಟಿವಿಗೆ ಕನೆಕ್ಟ್ ಮಾಡಿಕೊಂಡು, ಪಕ್ಕದಲ್ಲಿ ಅಜ್ಜಿ ಹಲಸಿನ ಹಪ್ಪಳ ತಿನ್ನುತ್ತಾ ಕೂತಿರುವಾಗ ದಯವಿಟ್ಟು ಶುರು ಮಾಡಬೇಡಿ. ನಾನು ಮಾಡಿದ್ದೆ. ರಕ್ತ, ಕತ್ತರಿಸಿದ ಮೈಕೈ ಎಲ್ಲಾ ಧಾರಾಳವಾಗಿ ಇದೆ, ಮಕ್ಕಳ ಕೈಗೂ ಕೊಡಬೇಡಿ.

'ಹಳೇ ಶೈಲಿ' ಅಂದರೆ ಏನು ಅಂತ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. 1992ರ 'ಅಲೋನ್ ಇನ್ ದ ಡಾರ್ಕ್', 1996ರ 'ರೆಸಿಡೆಂಟ್ ಈವಿಲ್' ಇವುಗಳಲ್ಲಿ ಕ್ಯಾಮೆರಾ ನಿಮ್ಮ ಹಿಂದೆ ಬರುವುದಿಲ್ಲ. ಗೋಡೆಯ ಮೂಲೆಯಲ್ಲೋ ಸೂರಿನಲ್ಲೋ ನೆಟ್ಟಗೆ ಕೂತಿರುತ್ತದೆ. ಆಗಿನ ಕಂಪ್ಯೂಟರಿಗೂ ಪ್ಲೇಸ್ಟೇಷನ್ನಿಗೂ ಇಡೀ ಕೋಣೆಯನ್ನು ಮೂರು ಆಯಾಮದಲ್ಲಿ ಚೆಂದವಾಗಿ ತೋರಿಸುವ ತಾಕತ್ತು ಇರಲಿಲ್ಲ. ಅದಕ್ಕೇ ಹಿನ್ನೆಲೆಯನ್ನು ಚಿತ್ರವಾಗಿ ಮೊದಲೇ ಮಾಡಿಟ್ಟುಕೊಂಡು, ಅದರ ಮೇಲೆ ಪಾತ್ರಗಳನ್ನು ಓಡಿಸುತ್ತಿದ್ದರು. ಚಿತ್ರ ಒಂದೇ, ಹಾಗಾಗಿ ನೋಟವೂ ಒಂದೇ. 1999ರ 'ಸೈಲೆಂಟ್ ಹಿಲ್' ಊರನ್ನೇ ಮೂರು ಆಯಾಮದಲ್ಲಿ ಮಾಡಿತು, ಆದರೆ ದೂರದವರೆಗೆ ತೋರಿಸುವ ಶಕ್ತಿ ಇಲ್ಲದ್ದಕ್ಕೆ ಮಂಜು ತುಂಬಿಸಿತು. ಬಡತನವೇ ಭಯ ಆಯಿತು. ಆಗುಂಬೆಯಲ್ಲಿ ಜುಲೈ ತಿಂಗಳು ಬೆಳಿಗ್ಗೆ ಬೈಕ್ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಎದುರಿಗೆ ಹತ್ತು ಅಡಿ ಕಾಣುವುದಿಲ್ಲ, ಹಾರ್ನ್ ಮಾತ್ರ ಕೇಳುತ್ತಿರುತ್ತದೆ, ಲಾರಿ ಎಲ್ಲಿದೆ ಅಂತ ನಾವೇ ಅಂದಾಜು ಮಾಡಿಕೊಳ್ಳಬೇಕು.

ಈಗಿನ ಮೆಷಿನ್‌ಗಳಿಗೆ ಆ ಬಡತನ ಇಲ್ಲ. ಆದರೂ ಕೆಲವು ಸಣ್ಣ ತಂಡಗಳು ಬೇಕಂತಲೇ ಹಾಗೆ ಮಾಡುತ್ತವೆ. ಕ್ಯಾಮೆರಾ ನೆಟ್ಟಗೆ, ಗುಂಡು ಕಡಿಮೆ, ಸೇವ್ ಕಡಿಮೆ, ಎಲ್ಲಿಗೆ ಹೋಗಬೇಕು ಅಂತ ಬಾಣದ ಗುರುತು ಇಲ್ಲವೇ ಇಲ್ಲ.

ಮೊದಲು ಕರೆಂಟ್ ವ್ಯವಸ್ಥೆ

ಲಿಂಗನಮಕ್ಕಿ ನಮ್ಮ ಜಿಲ್ಲೆಯಲ್ಲೇ ಇದೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಆದರೆ ತಂತಿ ಹಾದು ಬರುವುದು ಕಾಡಿನ ನಡುವೆ, ಗಾಳಿಗೆ ಮರ ಬೀಳುತ್ತದೆ, ನಾವು ಮೋಂಬತ್ತಿ ಹುಡುಕುತ್ತೇವೆ. ಯಾರನ್ನು ಬೈಯುವುದು. ಲೈನ್‌ಮನ್ ಪಾಪ ಇಂಬಳ ಕಚ್ಚಿಸಿಕೊಂಡು ಮಳೆಯಲ್ಲಿ ಕಂಬ ಹತ್ತುತ್ತಾನೆ.

ಡೆಸ್ಕ್‌ಟಾಪ್ ಇದ್ದರೆ ಚಿಕ್ಕದೊಂದು ಯುಪಿಎಸ್ ಇರಲೇಬೇಕು. 600 ವಿಎ ಯುಪಿಎಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಕೆಲವೇ ನಿಮಿಷ ನಿಲ್ಲುತ್ತದೆ, ಅದೂ ಬ್ಯಾಟರಿ ಹೊಸದಾಗಿದ್ದರೆ. ಆ ಕೆಲವು ನಿಮಿಷದಲ್ಲಿ ಟೇಪ್ ರೆಕಾರ್ಡರ್ ಇರುವ ಕೋಣೆಗೆ ಓಡಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ಗಾಬರಿಯಲ್ಲಿ ಓಡಿದರೆ ಕತ್ತಲಲ್ಲಿ ಸಾಯುತ್ತೀರಿ. ಅದರ ಬದಲು ಗೇಮನ್ನು ಅಲ್ಲೇ ನಿಲ್ಲಿಸಿ (ಪಾಜ್), ವಿಂಡೋಸ್ ಅನ್ನು ಹೈಬರ್ನೇಟ್ ಮಾಡಿ. ಮೆಮೊರಿಯಲ್ಲಿ ಇರುವುದೆಲ್ಲ ಡಿಸ್ಕಿಗೆ ಹೋಗಿ ಕೂರುತ್ತದೆ, ಕರೆಂಟ್ ಬಂದ ಮೇಲೆ ಆನ್ ಮಾಡಿದರೆ ಕ್ಯಾರೊಲೈನ್ ಅದೇ ಕಾರಿಡಾರಿನಲ್ಲಿ ನಿಂತಿರುತ್ತಾಳೆ. ಪ್ರತಿ ಸಲ ಕೈಹಿಡಿಯುತ್ತದೆ ಅಂತ ಗ್ಯಾರಂಟಿ ಇಲ್ಲ, ನನಗೆ ಒಂದು ಸಲ ಗೇಮ್ ಮೇಲೇಳದೆ ಹಾಗೇ ಮುಚ್ಚಿಕೊಂಡಿತು. ಆದರೂ ಬೇರೆ ದಾರಿಗಿಂತ ವಾಸಿ. ಹೈಬರ್ನೇಟ್ ಆಯ್ಕೆ ಪವರ್ ಮೆನುವಿನಲ್ಲಿ ಕಾಣದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಟಿಕ್ ಹಾಕಬೇಕು. ಮಳೆ ಶುರುವಾಗುವ ಮೊದಲೇ ಹಾಕಿಡಿ.

ಮನೆಗೆ ಇನ್ವರ್ಟರ್ ಇದ್ದವರು ಅದರ ಹಿಂದೆ ಒಂದು ಸ್ವಿಚ್ ಇದೆಯಾ ನೋಡಿ. ಸುಮಾರು ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಅಂತ ಇರುತ್ತದೆ. ಅದನ್ನು ಹಾಕಿದರೆ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಹೊತ್ತು ಕಡಿಮೆಯಾಗುತ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆಗುವುದಿಲ್ಲ. ನಮ್ಮ ಮನೆಯಲ್ಲಿ ಆರು ವರ್ಷ ಆ ಸ್ವಿಚ್ ಇನ್ನೊಂದು ಕಡೆಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ಲ್ಯಾಪ್‌ಟಾಪ್‌ನವರಿಗೆ ಈ ತಲೆಬಿಸಿ ಇಲ್ಲ, ಬ್ಯಾಟರಿಗೆ ಹೋದಾಗ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ) 30ಕ್ಕೆ ಕಟ್ಟಿಹಾಕಿದರೆ ಇನ್ನೂ ಸ್ವಲ್ಪ ಹೊತ್ತು ಬರುತ್ತದೆ. ಕ್ಯಾಮೆರಾ ಅಲ್ಲಾಡದ ಗೇಮಿಗೆ 30 ಧಾರಾಳ ಸಾಕು.

ಡೌನ್‌ಲೋಡನ್ನು ಪೇಟೆಯಲ್ಲಿ ಮುಗಿಸಿಕೊಳ್ಳಿ. ನಾನು ಶಿವಮೊಗ್ಗದಲ್ಲಿ ದುರ್ಗಿಗುಡಿ ಹತ್ತಿರ ತಮ್ಮನ ರೂಮಿನಲ್ಲಿ ಒಂದು ರಾತ್ರಿ ಕೂತು ಇಳಿಸಿಕೊಂಡು ಬಂದೆ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ತೆಗೆದುಕೊಂಡಿದ್ದರೆ ನೆಟ್ ಇರುವಾಗಲೇ ಒಂದು ಸಲ ಓಪನ್ ಮಾಡಿ, ಆಮೇಲೆ ಆಫ್‌ಲೈನ್ ಮೋಡ್ ಹಾಕಿಕೊಳ್ಳಿ. ಇಲ್ಲದಿದ್ದರೆ ಊರಿಗೆ ಬಂದು, ಟವರ್ ಸತ್ತ ದಿನ, ದುಡ್ಡು ಕೊಟ್ಟ ಗೇಮನ್ನೇ ತೆರೆಯಲಾಗದೆ ಕೂರುತ್ತೀರಿ.

ಬಸ್ಸಿನ ಸ್ಟೇರಿಂಗ್ ಥರ

ಮೊದಲ ಅರ್ಧ ಗಂಟೆಯಲ್ಲಿ ಎಲ್ಲರೂ ಬೈಯುವುದು ಕಂಟ್ರೋಲ್‌ಗೇ. ಇದರಲ್ಲಿ ಎರಡು ಥರ ಇದೆ. ಕಂಟ್ರೋಲರ್‌ನ ಅನಲಾಗ್ ಕಡ್ಡಿಯಲ್ಲಿ, ಅಂದರೆ ಹೆಬ್ಬೆರಳಲ್ಲಿ ಎತ್ತ ಬೇಕಾದರೂ ತಳ್ಳುವ ಕಡ್ಡಿಯಲ್ಲಿ, ಆಡಿದರೆ ಈಗಿನ ಗೇಮಿನಂತೆ, ಯಾವ ಕಡೆ ತಳ್ಳಿದಿರೋ ಆ ಕಡೆ ಓಡುತ್ತಾಳೆ. ಡಿ-ಪ್ಯಾಡ್‌ನಲ್ಲಿ, ಅಂದರೆ ನಾಲ್ಕು ದಿಕ್ಕಿನ ಗುಂಡಿಯಲ್ಲಿ, ಆಡಿದರೆ ಹಳೇ 'ಟ್ಯಾಂಕ್ ಕಂಟ್ರೋಲ್'. ಮೇಲೆ ಒತ್ತಿದರೆ ಅವಳ ಮುಂದೆ, ಎಡ ಒತ್ತಿದರೆ ಅವಳ ಎಡಕ್ಕೆ ತಿರುಗುತ್ತಾಳೆ.

ಇದನ್ನು ತಲೆಗೆ ಹಾಕಿಕೊಳ್ಳಲು ಸುಲಭದ ದಾರಿ ಬಸ್ಸು. ಆಗುಂಬೆ ಘಾಟಿಯಲ್ಲಿ ಮೇಲಿನ ತಿರುವಿನಲ್ಲಿ ನಿಂತು ಕೆಳಗೆ ನೋಡಿ. ಬಸ್ಸು ಒಮ್ಮೆ ನಿಮ್ಮ ಎಡಕ್ಕೆ ಹೋಗುತ್ತದೆ, ತಿರುವು ದಾಟಿ ಬಲಕ್ಕೆ ಬರುತ್ತದೆ. ಒಳಗಿರುವ ಡ್ರೈವರಿಗೆ ನೀವು ಎಲ್ಲಿ ನಿಂತಿದ್ದೀರಿ ಅನ್ನುವುದು ಲೆಕ್ಕಕ್ಕೇ ಇಲ್ಲ. ಅವನ ಎಡ ಯಾವಾಗಲೂ ಬಸ್ಸಿನ ಎಡ. ನೀವು ಡ್ರೈವರ್ ಸೀಟಿನಲ್ಲಿ ಕೂತು ಆಡಬೇಕು, ತಿರುವಿನಲ್ಲಿ ನಿಂತು ಅಲ್ಲ.

ಇದರ ಲಾಭ ಕ್ಯಾಮೆರಾ ಬದಲಾದಾಗ ಗೊತ್ತಾಗುತ್ತದೆ. ಬಾಗಿಲಿನ ಹತ್ತಿರ ಓಡುತ್ತಿರುತ್ತೀರಿ, ನೋಟ ಪಟಕ್ಕನೆ ಎದುರು ಗೋಡೆಗೆ ಹೋಗುತ್ತದೆ, ಅನಲಾಗ್‌ನಲ್ಲಿ ಇದ್ದವರು ಗಲಿಬಿಲಿಯಾಗಿ ಬಂದ ದಾರಿಯಲ್ಲೇ ವಾಪಸ್ ಓಡಿ ದೆವ್ವದ ಮಡಿಲಿಗೆ ಬೀಳುತ್ತಾರೆ. ಟ್ಯಾಂಕ್‌ನಲ್ಲಿ ಮೇಲೆ ಒತ್ತಿ ಹಿಡಿದವರು ಸೀದಾ ಹೋಗುತ್ತಲೇ ಇರುತ್ತಾರೆ. ನಾನು ಸುಮ್ಮನೆ ಓಡಾಡುವಾಗ ಅನಲಾಗ್, ಓಡಿ ತಪ್ಪಿಸಿಕೊಳ್ಳುವಾಗ ಡಿ-ಪ್ಯಾಡ್ ಬಳಸುತ್ತೇನೆ. ಎರಡು ದಿನ ಬೇಕು ಕೈಗೆ ಕೂರಲಿಕ್ಕೆ. ಕೀಬೋರ್ಡಿನಲ್ಲಿ ಆಡುವ ಯೋಚನೆ ಇದ್ದರೆ ಬಿಡಿ, ಯಾರದಾದರೂ ಕಂಟ್ರೋಲರ್ ಸಾಲ ತನ್ನಿ.

ಲೈಟರ್ ಅನ್ನುವ ಅಸ್ತ್ರ

ಈ ಗೇಮಿನ ಜೀವ ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ವಿಂಟರ್‌ಲೇಕ್ ಆಸ್ಪತ್ರೆಯಲ್ಲಿ ಕತ್ತಲೆಯೇ ಕೊಲ್ಲುತ್ತದೆ. ಕತ್ತಲೊಳಗೆ ಪ್ರಾಣಿ ಇದೆ, ಕಚ್ಚುತ್ತದೆ ಅಂತಲ್ಲ. ಬೆಳಕಿಲ್ಲದ ಜಾಗದಲ್ಲಿ ಕೆಲವು ಸೆಕೆಂಡ್ ನಿಂತರೆ ಕ್ಯಾರೊಲೈನ್ ಸತ್ತೇ ಹೋಗುತ್ತಾಳೆ. ತಪ್ಪಿಸಿಕೊಳ್ಳಲು ಒಂದು ಲೈಟರ್ ಇದೆ. ಲೈಟರ್ ಕೈಯಲ್ಲಿದ್ದರೆ ಆಯುಧ ಹಿಡಿಯಲು ಆಗುವುದಿಲ್ಲ. ಆಯುಧ ಹಿಡಿದರೆ ಲೈಟರ್ ಆರುತ್ತದೆ. ಇಷ್ಟೇ ನಿಯಮ. ಕತ್ತಲ ಕೋಣೆಯಲ್ಲಿ ಎದುರಿಗೆ ಒಂದು ಆಕೃತಿ ಕೊರ ಕೊರ ಅನ್ನುತ್ತಾ ಬರುತ್ತಿದ್ದರೆ ನಿಮ್ಮ ಕೈಯಲ್ಲಿ ಇರುವುದು ಬರೀ ಬೆಂಕಿ. ಹೊಡೆಯುವ ಹಾಗಿಲ್ಲ. ಓಡಬೇಕು, ಇಲ್ಲಾ ಬೆಳಕು ಮಾಡಬೇಕು.

ಮೊದಮೊದಲು ಇದು ಅನ್ಯಾಯ ಅನ್ನಿಸಿತು. ಎರಡು ಕೈ ಇದೆಯಲ್ಲ, ಒಂದರಲ್ಲಿ ಲೈಟರ್ ಇನ್ನೊಂದರಲ್ಲಿ ಆಯುಧ ಹಿಡಿಯಬಾರದಾ? ಆಮೇಲೆ ಒಂದು ರಾತ್ರಿ ಬಚ್ಚಲಿಗೆ ಹೋಗಬೇಕಾಯಿತು. ನಮ್ಮ ಬಚ್ಚಲು ಮನೆಯ ಹಿಂದೆ, ನಡುವೆ ಏಳೆಂಟು ಹೆಜ್ಜೆ ಅಂಗಳ. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಕೊಡೆ. ದಾರಿಯಲ್ಲಿ ಹಾವೋ ಹಗ್ಗವೋ ಗೊತ್ತಾಗದ ಏನೋ ಬಿದ್ದಿತ್ತು. ಕೋಲು ಬಾಗಿಲ ಮೂಲೆಯಲ್ಲೇ ಇತ್ತು, ಆದರೆ ಅದನ್ನು ಹಿಡಿಯಲು ಮೂರನೇ ಕೈ ಎಲ್ಲಿಂದ ತರುವುದು? ಕೊಡೆ ಬಿಸಾಕಿ, ನೆನೆದುಕೊಂಡು, ಟಾರ್ಚ್ ಹಿಡಿದು ನಿಂತೆ. ಹಗ್ಗ. ಅಡಿಕೆ ಕೊನೆ ಇಳಿಸುವ ಹಗ್ಗ. ಆವತ್ತಿಂದ ಕ್ಯಾರೊಲೈನ್ ಬಗ್ಗೆ ದೂರು ಇಲ್ಲ.

ನಾನು ಮಾಡುವ ಕ್ರಮ ಇದು. ಹೊಸ ಕೋಣೆಯ ಬಾಗಿಲು ತೆಗೆಯುವ ಮೊದಲು ಲೈಟರ್ ಕೈಗೆ ತೆಗೆದುಕೊಳ್ಳುತ್ತೇನೆ. ಒಳಗೆ ಹೋಗಿ ಎರಡು ಉಸಿರಿನಷ್ಟು ಹೊತ್ತು ನಿಲ್ಲುತ್ತೇನೆ. ನೋಡುವುದಕ್ಕಲ್ಲ, ಕೇಳುವುದಕ್ಕೆ. ಕ್ಯಾಮೆರಾ ಶತ್ರುವನ್ನು ತೋರಿಸದೆ ಇರಬಹುದು, ಆದರೆ ಚಕ್ರದ ಸದ್ದು, ಎಳೆದಾಡುವ ಸದ್ದು ಮೊದಲೇ ಬರುತ್ತದೆ. ಆಮೇಲೆ ಹಚ್ಚುವಂಥ ಮೇಣದ ದೀಪದ ಕಂಬ ಎಲ್ಲಿದೆ ಅಂತ ಹುಡುಕುತ್ತೇನೆ. ಅದನ್ನು ಲೈಟರಿನಿಂದ ಹಚ್ಚಿದರೆ ಆ ಜಾಗ ಬೆಳಕಾಗೇ ಇರುತ್ತದೆ. ಅಲ್ಲಿ ಆಯುಧ ತೆಗೆದು ನಿಂತರೆ ಯುದ್ಧ ನಮ್ಮ ಲೆಕ್ಕದಲ್ಲಿ ನಡೆಯುತ್ತದೆ. ಶತ್ರು ಕತ್ತಲಲ್ಲಿದ್ದರೆ ನೀವು ಅವನ ಹತ್ತಿರ ಹೋಗಬೇಡಿ. ಬೆಳಕಿನಲ್ಲಿ ನಿಂತುಕೊಳ್ಳಿ, ಅವನೇ ಬರಲಿ.

ಹಂಚಿನ ಮೇಲೆ ಮಳೆ ಬೀಳುವಾಗ ಇದೆಲ್ಲ ಕೇಳಿಸುವುದಿಲ್ಲ. ಹೆಡ್‌ಫೋನ್ ಹಾಕಲೇಬೇಕು. ಇನ್ನೊಂದು, ಪರದೆಯ ಬ್ರೈಟ್‌ನೆಸ್ ಏರಿಸಿಕೊಂಡು ಮೋಸ ಮಾಡಬೇಡಿ. ಕತ್ತಲು ತಿಳಿಬೂದಿ ಬಣ್ಣಕ್ಕೆ ತಿರುಗುತ್ತದೆ, ಹೆದರಿಕೆ ಹೋಗುತ್ತದೆ, ಆದರೆ ಕ್ಯಾರೊಲೈನ್ ಮಾತ್ರ ಮೊದಲಿನ ಹಾಗೇ ಸಾಯುತ್ತಾಳೆ.

ಟೇಪ್ ಲೆಕ್ಕ

ಸೇವ್ ಮಾಡಲು ಟೇಪ್ ರೆಕಾರ್ಡರ್ ಇರುವ ಕೋಣೆಗೆ ಹೋಗಬೇಕು, ಜೊತೆಗೆ ಒಂದು ಟೇಪ್ ಬೇಕು. ಒಂದು ಸೇವ್‌ಗೆ ಒಂದು ಟೇಪ್ ಖರ್ಚು. ಹಳೇ 'ರೆಸಿಡೆಂಟ್ ಈವಿಲ್' ಆಡಿದವರಿಗೆ ಇಂಕ್ ರಿಬ್ಬನ್ ನೆನಪಾಗುತ್ತದೆ, ಅದೇ ಇದು.

ಆ ಸಂಜೆಯ ನಂತರ ನಾನು ಒಂದು ಪದ್ಧತಿ ಮಾಡಿಕೊಂಡೆ. ಕೈಯಲ್ಲಿ ಎರಡಕ್ಕಿಂತ ಜಾಸ್ತಿ ಟೇಪ್ ಇದ್ದರೆ, ಸೇವ್ ರೂಮು ಎದುರಾದಾಗೆಲ್ಲ ಸೇವ್. ಎರಡೇ ಇದ್ದರೆ, ಹೊಸ ಕೀಲಿ ಸಿಕ್ಕಿದ ಮೇಲೆ ಅಥವಾ ದೊಡ್ಡ ಪಜಲ್ ಬಿಡಿಸಿದ ಮೇಲೆ ಮಾತ್ರ. ಒಂದೇ ಇದ್ದರೆ ಅದು ಆಟ ಮುಗಿಸಿ ಏಳುವ ಹೊತ್ತಿಗೆ ಮೀಸಲು. ಗುಡುಗು ಕೇಳಿಸಿದರೆ ಈ ನಿಯಮ ಎಲ್ಲ ರದ್ದು, ತಕ್ಷಣ ಸೇವ್.

ಮತ್ತೊಂದು ಕೆಲಸ ಮಾಡಿ. ಟೇಪ್ ಖರ್ಚು ಮಾಡುವ ಮೊದಲು ಹೊಸ ಕೋಣೆಗಳನ್ನು ಸುಮ್ನೆ ಸುತ್ತಿ ಬನ್ನಿ. ಸತ್ತರೂ ಪರವಾಗಿಲ್ಲ ಅಂತ ಹೋಗಿ ಬರುವುದು. ಎಲ್ಲಿ ಶತ್ರು, ಎಲ್ಲಿ ಬೆಳಕು, ಯಾವ ಬಾಗಿಲಿಗೆ ಬೀಗ, ಎಲ್ಲ ನೋಡಿಕೊಳ್ಳಿ. ಆಮೇಲೆ ಲೋಡ್ ಮಾಡಿ ಸರಿಯಾಗಿ ಆಡಿ. ನನ್ನ ಎರಡು ಗಂಟೆಯ ಆಟ ನಲವತ್ತು ನಿಮಿಷಕ್ಕೆ ಇಳಿದಿದ್ದು ಹೀಗೇ ಅಲ್ವಾ. ಕರೆಂಟ್ ನನಗೆ ಒತ್ತಾಯದಿಂದ ಕಲಿಸಿದ್ದನ್ನು ನೀವು ಬೇಕಂತಲೇ ಮಾಡಬಹುದು.

ಈ ಜಂಜಾಟವೇ ಬೇಡ ಅನ್ನುವವರಿಗೆ ಆಮೇಲೆ ಬಂದ ಒಂದು ಅಪ್‌ಡೇಟ್‌ನಲ್ಲಿ ಅಸಿಸ್ಟೆಡ್ ಮೋಡ್ ಅಂತ ಸೇರಿಸಿದ್ದಾರೆ, ಅದರಲ್ಲಿ ಸೇವ್ ಚಿಂತೆ ಕಡಿಮೆ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಕಡೆ ಇದ್ದರೆ ನಾಚಿಕೊಳ್ಳದೆ ಅದನ್ನೇ ಹಾಕಿಕೊಳ್ಳಿ. ನಾನು ಹಾಕಿಕೊಳ್ಳಲಿಲ್ಲ, ಹಠ.

ಹೊಡೆದಾಟ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕಂದರೆ ಹೊಡೆದಾಟ ಈ ಗೇಮಿನ ದೊಡ್ಡಸ್ತಿಕೆ ಅಲ್ಲ. ಮೊದಲು ಸಿಗುವುದು ಮೊಳೆ ಹೊಡೆಯುವ ಗನ್, ಆಮೇಲೆ ಹಾರೆಯಂಥ ಕಬ್ಬಿಣದ ಕಡ್ಡಿ, ಇನ್ನೂ ಮುಂದೆ ಕೈಯಾರೆ ಮಾಡಿದ ಶಾಟ್‌ಗನ್. ಗುರಿ ಬಟನ್ ಒತ್ತಿದರೆ ತಾನಾಗಿಯೇ ಶತ್ರುವಿನ ಕಡೆ ತಿರುಗುತ್ತಾಳೆ. ಕೆಳಗೆ ಬಿದ್ದವನ ಮೇಲೆ ಮೊಳೆ ದಂಡ ಮಾಡಬೇಡಿ, ಕಡ್ಡಿಯಿಂದ ಮುಗಿಸಿ. ಹಿಂದಕ್ಕೆ ಹಾರುವ ಬಟನ್ ಇದೆ, ಮೊದಲ ದಿನವೇ ಅಭ್ಯಾಸ ಮಾಡಿ. ಗಾಲಿಕುರ್ಚಿಯಲ್ಲಿ ಬರುವವನ ತೋಳು ಉದ್ದ, ಹತ್ತಿರ ಬಿಟ್ಟುಕೊಂಡರೆ ಕಷ್ಟ.

ಎಲ್ಲರನ್ನೂ ಕೊಲ್ಲುವ ಆಸೆ ಬೇಡ. ಪದೇ ಪದೇ ಓಡಾಡಬೇಕಾದ ಕಾರಿಡಾರು, ಮೆಟ್ಟಿಲು ಇಂಥ ಕಡೆ ಖರ್ಚು ಮಾಡಿ ಜಾಗ ಖಾಲಿ ಮಾಡಿಕೊಳ್ಳಿ. ಒಂದೇ ಸಲ ಹೋಗಿ ಬರುವ ಕೊನೆಯ ಕೋಣೆಯಲ್ಲಿ ತಪ್ಪಿಸಿಕೊಂಡು ಬನ್ನಿ. ಒಂದು ಸಮಾಧಾನ, ಇದರಲ್ಲಿ ಸಾಮಾನು ಇಟ್ಟುಕೊಳ್ಳಲು ಜಾಗದ ಮಿತಿ ಇಲ್ಲ. ಸಿಕ್ಕಿದ್ದೆಲ್ಲ ಜೇಬಿಗೆ ಹಾಕಿಕೊಳ್ಳಬಹುದು. ಹಳೇ ಗೇಮುಗಳಲ್ಲಿ ಸಾಮಾನು ಇಡಲು-ತೆಗೆಯಲು ಪೆಟ್ಟಿಗೆಗೆ ಓಡಾಡಬೇಕಿತ್ತು, ಅದನ್ನು ಕೈಬಿಟ್ಟಿದ್ದು ಒಳ್ಳೆಯದೇ ಆಯಿತು.

ಅಡಿಕೆ ಲೆಕ್ಕದ ಪುಸ್ತಕದ ಹಿಂದೆ

ಪಜಲ್‌ಗೆ ನೋಟ್‌ಬುಕ್ ಬೇಕು. ಫೋನಿನಲ್ಲಿ ಫೋಟೊ ತೆಗೆದಿಟ್ಟರೆ ಸಾಲದು, ಬರೆಯಬೇಕು. ಬರೆಯುವಾಗಲೇ ಅರ್ಧ ಹೊಳೆಯುತ್ತದೆ. ನಾನು ಅಪ್ಪನ ಹಳೇ ಅಡಿಕೆ ಲೆಕ್ಕದ ಪುಸ್ತಕವನ್ನು ಹಿಂದಿನಿಂದ ತಿರುಗಿಸಿ ಬರೆದೆ. ಮುಂದಿನಿಂದ ಕೂಲಿ ಎಷ್ಟು, ಸುಲಿದಿದ್ದು ಎಷ್ಟು. ಹಿಂದಿನಿಂದ ವಿಂಟರ್‌ಲೇಕ್‌ನ ಕಾರಿಡಾರು. ಬಾಗಿಲಿಗೆ ಅಡ್ಡ ಗೆರೆ. ಬೀಗ ಇದ್ದರೆ ಗೆರೆಯ ಮೇಲೆ ಸೊನ್ನೆ, ಪಕ್ಕದಲ್ಲಿ ಬೀಗದ ಗುರುತು ಏನಿದೆ ಅಂತ ಒಂದು ಮಾತು. ಮೇಣದ ದೀಪಕ್ಕೆ ಚುಕ್ಕೆ. ಟೇಪ್ ರೆಕಾರ್ಡರ್ ಇರುವ ಕೋಣೆಗೆ ಕೆಂಪು ಪೆನ್ನಲ್ಲಿ ಸುತ್ತು. ಗೇಮಿನೊಳಗೂ ಮ್ಯಾಪ್ ಸಿಗುತ್ತದೆ, ಆದರೆ ಕರೆಂಟ್ ಹೋದ ಮೇಲೆ ಮೋಂಬತ್ತಿ ಬೆಳಕಲ್ಲಿ ಕೂತು ನೋಡಲಿಕ್ಕೆ ಆಗುವುದು ನಮ್ಮ ಪುಸ್ತಕವನ್ನೇ. ಆ ಮೂರು ದಿನದಲ್ಲಿ ನಾನು ಆಡದೆಯೇ ಒಂದು ಪಜಲ್ ಬಿಡಿಸಿದ್ದೆ.

ಸಿಕ್ಕಿದ ಪ್ರತಿ ವಸ್ತುವನ್ನೂ ಬ್ಯಾಗ್ ತೆರೆದು ತಿರುಗಿಸಿ ನೋಡಿ. ಹಿಂಬದಿ, ಅಡಿ, ಪಕ್ಕ. ಕೆಲವದರಲ್ಲಿ ಒತ್ತುವ ಗುಂಡಿ ಇರುತ್ತದೆ, ಕೆಲವು ತೆರೆದುಕೊಳ್ಳುತ್ತವೆ, ಕೆಲವನ್ನು ಇನ್ನೊಂದರ ಜೊತೆ ಸೇರಿಸಬೇಕು. ನಾನು ಸಿಕ್ಕಿಹಾಕಿಕೊಂಡಿದ್ದೆಲ್ಲ ಇಲ್ಲೇ. ಗೇಮಿನಲ್ಲಿ ಒಳಗೆ ಹೋಗಿ ಬರಬಹುದಾದ ಕನ್ನಡಿಗಳಿವೆ, ಅವುಗಳ ಬಗ್ಗೆ ಪೂರ್ತಿ ಹೇಳಿ ಮಜಾ ಹಾಳು ಮಾಡುವುದಿಲ್ಲ, ಆದರೆ ಒಂದು ಮಾತು. ಕನ್ನಡಿಯ ಆಚೆ ನೀವು ಮಾಡಿ ಬಂದಿದ್ದು ಈಚೆಗೂ ತಟ್ಟುತ್ತದೆ. ದಾರಿಯೇ ಇಲ್ಲ ಅನ್ನಿಸಿದಾಗ ಇದನ್ನು ನೆನಪಿಸಿಕೊಳ್ಳಿ.

ಒಂದು ಬೀಗದ ಮುಂದೆ ಎರಡು ದಿನ ಕೂತಿದ್ದೆ. ಅಪ್ಪ ಕಷಾಯದ ಲೋಟ ಹಿಡಿದು ಹಿಂದೆ ಬಂದು ನಿಂತರು. ಗೇಮ್ ಅಂದರೆ ಅವರಿಗೆ ಏನೂ ಗೊತ್ತಿಲ್ಲ. "ಎಂತ ಇದು?" ಅಂದರು. ಹೇಳಿದೆ. "ಆ ಚೀಟಿ ಮತ್ತೊಂದ್ಸಲ ಓದು" ಅಂದರು. ಇಂಗ್ಲಿಷ್ ಚೀಟಿಯನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳುತ್ತಾ ಹೋದೆ, ಮೂರನೇ ಸಾಲಿಗೆ ಬರುವಷ್ಟರಲ್ಲಿ ನನಗೇ ಉತ್ತರ ಸಿಕ್ಕಿತು. ಕಣ್ಣಲ್ಲಿ ಓದುವಾಗ ಒಂದು ಸಣ್ಣ ಪದ ಹಾರಿಸಿಬಿಟ್ಟಿದ್ದೆ. ಆಮೇಲಿಂದ ಪ್ರತಿ ಚೀಟಿಯನ್ನೂ ಕನ್ನಡಕ್ಕೆ ತಂದು ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ. ಮನೆಯವರಿಗೆ ಹುಚ್ಚು ಅನ್ನಿಸಿದರೂ ಪರವಾಗಿಲ್ಲ.

ಯೂಟ್ಯೂಬ್ ಉತ್ತರ ಯಾವಾಗ ನೋಡಬೇಕು? ಅರ್ಧ ಗಂಟೆ ಒದ್ದಾಡಿ, ಬಿಟ್ಟು ಮಲಗಿ, ಮಾರನೇ ದಿನ ಇನ್ನೊಂದು ಸಲ. ಆಗಲೂ ಆಗದಿದ್ದರೆ ನೋಡಿ. ಬರೆದ ಗೈಡ್ ಸಿಕ್ಕಿದರೆ ಒಳ್ಳೆಯದು, ಬೇಕಾದ ಒಂದು ಸಾಲು ಓದಿ ಮುಚ್ಚಬಹುದು. ವಿಡಿಯೊದಲ್ಲಿ ಮುಂದಿನ ಮೂರು ಕೋಣೆಯೂ ಕಣ್ಣಿಗೆ ಬಿದ್ದುಬಿಡುತ್ತದೆ.

ಇದಕ್ಕೆ ಮಾತ್ರ ಕ್ಷಮೆ ಇಲ್ಲ

ಇಷ್ಟೊತ್ತು ಹೊಗಳಿದೆ ಅಂತ ಗೇಮಿನ ತಪ್ಪೆಲ್ಲ ಒಪ್ಪಿಕೊಂಡೆ ಅಂದುಕೊಳ್ಳಬೇಡಿ. ಟೇಪ್ ಕೊರತೆ, ಕತ್ತಲು, ನೆಟ್ಟಗಿನ ಕ್ಯಾಮೆರಾ, ಇವು ನಮ್ಮನ್ನು ಯೋಚಿಸುವ ಹಾಗೆ ಮಾಡುತ್ತವೆ, ಹಾಗಾಗಿ ಸರಿ. ಆದರೆ ಪಾತ್ರಗಳು ಮಾತಾಡುವುದು ಇದೆಯಲ್ಲ, ಅಯ್ಯೋ. ಕಣ್ಣು ಕಿತ್ತವರ ಮುಂದೆ ನಿಂತು ಕ್ಯಾರೊಲೈನ್ ಬಸ್ ಟೈಮ್ ಕೇಳುವ ಹಾಗೆ ಮಾತಾಡುತ್ತಾಳೆ. ಹಳೇ ಗೇಮುಗಳ ಮಾತೂ ಹೀಗೇ ಇತ್ತು, ಅದಕ್ಕೆ ಗೌರವ ಅಂತ ಕೆಲವರು ಸಮರ್ಥನೆ ಕೊಡುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಯಕ್ಷಗಾನದಲ್ಲಿ ಎಡವುವ ವೇಷಧಾರಿಯನ್ನು ಹಳೇ ಸಂಪ್ರದಾಯ ಅಂತ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಪಜಲ್‌ಗಳಲ್ಲೂ ಎಲ್ಲ ಒಂದೇ ದರ್ಜೆ ಅಲ್ಲ. ಕೆಲವು ಬಲು ಚೆಂದ. ಇನ್ನು ಕೆಲವು ಕಡೆ ಏನು ಮಾಡಬೇಕು ಅಂತ ಗೊತ್ತಿರುತ್ತದೆ, ಆದರೆ ಪರದೆಯಲ್ಲಿ ಯಾವ ಚುಕ್ಕೆಯ ಮೇಲೆ ಬೆರಳಿಡಬೇಕು ಅಂತ ಗೊತ್ತಾಗುವುದಿಲ್ಲ. ಉತ್ತರ ಗೊತ್ತಿದ್ದೂ ಹತ್ತು ನಿಮಿಷ ಕರ್ಸರ್ ಉಜ್ಜುವುದು ಕೆಲಸಕ್ಕೆ ಬಾರದ ಕಷ್ಟ. ಕ್ಯಾಮೆರಾ ನೋಟ ಬದಲಾದ ಕ್ಷಣಕ್ಕೇ ಮುಖದ ಮುಂದೆ ಶತ್ರು ನಿಂತಿರುವುದು ಮೂರು ನಾಲ್ಕು ಕಡೆ ಆಯಿತು, ಅದಕ್ಕೆ ನೀವು ಮಾಡುವುದು ಏನೂ ಇಲ್ಲ. ಹಾಗಾಗಿ ಕಣ್ಣಿಗೆ ಕಾಣದ ತಿರುವಿಗೆ ಓಡಬೇಡಿ, ನಡೆಯಿರಿ. ಕೊನೆಯ ಭಾಗದ ಕಥೆ ಸಿಕ್ಕುಸಿಕ್ಕು, ಅಂತ್ಯ ಒಂದಕ್ಕಿಂತ ಹೆಚ್ಚಿದೆ. ನನಗೆ ಮೊದಲ ಸಲ ಸಿಕ್ಕಿದ್ದು ಕೆಟ್ಟದ್ದೇ.

ಇವೆಲ್ಲ ಓದಿ ಹಿಂಜರಿಕೆ ಆಗುತ್ತಿದ್ದರೆ ಬೇರೆ ಬಾಗಿಲಿನಿಂದ ಬನ್ನಿ. 2024ರಲ್ಲಿ ಬಂದ 'ಕ್ರೋ ಕಂಟ್ರಿ' ಒಂದು ಪಾಳುಬಿದ್ದ ಮನರಂಜನಾ ಪಾರ್ಕಿನಲ್ಲಿ ನಡೆಯುತ್ತದೆ. ಅದರಲ್ಲಿ ಶತ್ರುಗಳೇ ಬಂದು ಹೊಡೆಯದ ಎಕ್ಸ್‌ಪ್ಲೊರೇಷನ್ ಮೋಡ್ ಇದೆ, ಬರೀ ಪಜಲ್ ಬೇಕು ಅನ್ನುವವರಿಗೆ ಹೇಳಿ ಮಾಡಿಸಿದ್ದು. 2022ರ 'ಸಿಗ್ನಾಲಿಸ್' ಮಾಡಿದ್ದು ಜರ್ಮನಿಯ ರೋಸ್-ಇಂಜಿನ್, ಇಬ್ಬರೇ ಇಬ್ಬರ ತಂಡ. ನನ್ನ ಲೆಕ್ಕದಲ್ಲಿ ಈ ಮೂರರಲ್ಲಿ ಕಥೆ, ಚಿತ್ರ, ಸಂಗೀತ ಎಲ್ಲದರಲ್ಲೂ ಅದೇ ಮೇಲು. ಅದರಲ್ಲಿ ಸೇವ್‌ಗೆ ಖರ್ಚಿಲ್ಲ, ಎಷ್ಟು ಸಲ ಬೇಕಾದರೂ ಮಾಡಬಹುದು. ಆದರೆ ಕೈಯಲ್ಲಿ ಆರೇ ಆರು ಸಾಮಾನು ಹಿಡಿಯುವ ನಿಯಮ ಇದೆ. ಪೆಟ್ಟಿಗೆಗೂ ಬಾಗಿಲಿಗೂ ಓಡಾಡಿ ಕಾಲು ಸವೆಯುತ್ತದೆ. ಸತ್ತ ಶತ್ರು ಕೆಲವು ಸಲ ಎದ್ದು ಕೂರುತ್ತಾನೆ, ಸುಟ್ಟರೆ ಮಾತ್ರ ಖಚಿತ. ಒಬ್ಬೊಬ್ಬರು ಒಂದೊಂದರಲ್ಲಿ ಜಿಪುಣರು.

ನನ್ನ ಆಟ ಮುಗಿದಿದ್ದು ಗಣೇಶನ ಹಬ್ಬಕ್ಕೆ ಎರಡು ದಿನ ಇರುವಾಗ. ಕೊನೆಗೆ ಕೈಯಲ್ಲಿ ಒಂದು ಟೇಪ್ ಉಳಿದಿತ್ತು. 'ಟಾರ್ಮೆಂಟೆಡ್ ಸೋಲ್ಸ್' ಎರಡನೇ ಭಾಗ 2025ರ ಅಕ್ಟೋಬರ್‌ನಲ್ಲಿ ಬಂದಿದೆ, ತಮ್ಮನ ರೂಮಿನಲ್ಲಿ ಇಳಿಸಿ ಇಟ್ಟಾಗಿದೆ. ಈ ಸಲ ಮಳೆ ಹಿಡಿಯುವ ಮೊದಲು ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬಿಸಬೇಕು. ಅಪ್ಪನ ಹಳೇ ಲೆಕ್ಕದ ಪುಸ್ತಕದಲ್ಲಿ ಹಿಂದಿನಿಂದ ಇನ್ನೂ ಮೂವತ್ತು ಹಾಳೆ ಖಾಲಿ ಇದೆ, ಎಣಿಸಿದ್ದೇನೆ.